ಎರಡನೇ ಬ್ರೇಕು

ಊರಿನ ಅರ್ಧದಷ್ಟು ಜನ ಕಾರು ಕಲಿತದ್ದು ಬ್ರೇಕ್ ಮೇಷ್ಟ್ರ ಹತ್ತಿರ. ಉಳಿದ ಅರ್ಧ ಜನ, ಮೇಷ್ಟ್ರ ಶಿಷ್ಯರು ಕಾರು ತರುವುದನ್ನು ಕಂಡ ಕೂಡಲೇ ಗೋಡೆಗೆ ಅಂಟಿಕೊಂಡು ನಿಲ್ಲುವುದನ್ನು ಕಲಿತಿದ್ದರು. ಹಾಗಾಗಿ ಮೇಷ್ಟ್ರಿಂದ ಏನೂ ಕಲಿಯದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಅವರ ಡ್ರೈವಿಂಗ್ ಸ್ಕೂಲೆಂದರೆ ಮನೆಯ ಎದುರಿನ ಒಂದು ಸಣ್ಣ ಕೋಣೆ. ಒಳಗೊಂದು ಬೆಂಚು, ಗೋಡೆಯಲ್ಲಿ ರಸ್ತೆ ಚಿಹ್ನೆಗಳ ಬಣ್ಣ ಮಾಸಿದ ಚಾರ್ಟು, ಹೊರಗೊಂದು ಬಿಳಿ ಕಾರು. ಕಾರಿನ ಮೈಯೆಲ್ಲ ತರಚು ಗಾಯ. ಯಾವ ಗಾಯ ಯಾರದೆಂದು ಮೇಷ್ಟ್ರು ಬೆರಳಿಟ್ಟು ಹೇಳುತ್ತಿದ್ದರು: "ಇದು ಬ್ಯಾಂಕ್ ಮ್ಯಾನೇಜರ್ರು. ಇದು ಹಲ್ಲಿನ ಡಾಕ್ಟ್ರು. ಇದು ನಮ್ಮ ಅಳಿಯಂದ್ರು, ಮದುವೆಗೆ ಮುಂಚೆ. ಇದನ್ನ ನೋಡಿದ ಮೇಲೂ ಮಗಳನ್ನ ಕೊಟ್ಟೆ."

ಡ್ರೈವಿಂಗ್ ಕಲಿಸುವ ಎಲ್ಲ ಕಾರುಗಳಲ್ಲಿ ಇರುವಂತೆ ಇದರಲ್ಲೂ ಪಕ್ಕದ ಸೀಟಿನ ಕಾಲಡಿಗೆ ಇನ್ನೊಂದು ಬ್ರೇಕು ಇತ್ತು. ಮೇಷ್ಟ್ರ ಜೀವನ ನಡೆದದ್ದು ಆ ಸೀಟಿನಲ್ಲಿ, ಆ ಬ್ರೇಕಿನ ಮೇಲೆ ಬಲಗಾಲಿಟ್ಟುಕೊಂಡು. ಅವರ ತತ್ವಜ್ಞಾನ ಹುಟ್ಟಿದ್ದೂ ಅಲ್ಲಿಂದಲೇ. ಹೊಸದಾಗಿ ಬಂದವರು ಸ್ಟೀರಿಂಗನ್ನು ಹಾವಿನ ಕುತ್ತಿಗೆಯಂತೆ ಹಿಸುಕಿ ಹಿಡಿದು ಬೆವರುತ್ತಿದ್ದರೆ, ಮೇಷ್ಟ್ರು ಸೀಟಿಗೆ ಒರಗಿ ಶುರು ಮಾಡುತ್ತಿದ್ದರು.

"ನೋಡಪ್ಪಾ, ಸ್ಟೀರಿಂಗು ನಿನ್ನ ಕೈಲಿದೆ. ಬ್ರೇಕು ನನ್ನ ಕಾಲಡೀಲಿದೆ. ಜೀವನಾನೂ ಹೀಗೇನೇ. ಓಡಿಸ್ತಿರೋರು ನಾವೇ ಅಂದ್ಕೊಂಡಿರ್ತೀವಿ. ಪಕ್ಕದ ಸೀಟಲ್ಲಿ ಭಗವಂತ ಕೂತಿರ್ತಾನೆ. ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ಬಿಡ್ಬೇಕು ಅಂತ ಅವನಿಗೆ ಗೊತ್ತು. ನೀನು ಧೈರ್ಯವಾಗಿ ಕ್ಲಚ್ ಬಿಡು."

ಈ ಪ್ರವಚನ ಕೇಳದೆ ಲೈಸೆನ್ಸು ಪಡೆದವರಿಲ್ಲ. ಕ್ರಮೇಣ ಮೇಷ್ಟ್ರು ಇದನ್ನು ಕಾರಿನ ಹೊರಗೂ ಹಂಚತೊಡಗಿದರು. ಕೆಲಸ ಕಳೆದುಕೊಂಡವನು, ನಿಶ್ಚಯವಾದ ಮದುವೆ ಮುರಿದವಳು, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನ ಅಪ್ಪ, ಯಾರೇ ಬಂದು ಬೆಂಚಿನ ಮೇಲೆ ಕೂತು ನಿಟ್ಟುಸಿರು ಬಿಟ್ಟರೂ ಮೇಷ್ಟ್ರ ಬಳಿ ಔಷಧ ಒಂದೇ. "ಪಕ್ಕದ ಸೀಟಲ್ಲಿ ಯಾರಿದಾರೆ? ಹೇಳಿ, ಯಾರಿದಾರೆ?" ಬಂದವರು ತಲೆ ತಗ್ಗಿಸಿ, "ಭಗವಂತ" ಅನ್ನುತ್ತಿದ್ದರು. "ಮತ್ತೆ?" ಅನ್ನುತ್ತಿದ್ದರು ಮೇಷ್ಟ್ರು. ಅಲ್ಲಿಗೆ ಚಿಕಿತ್ಸೆ ಮುಗಿಯಿತು.

ಇಷ್ಟು ದೊಡ್ಡ ಮಾತಾಡುವ ಮನುಷ್ಯ ಬೇರೆಯವರು ಓಡಿಸುವ ಗಾಡಿಯಲ್ಲಿ ಐದು ನಿಮಿಷ ನೆಟ್ಟಗೆ ಕೂರಲಾರರು ಎಂಬುದು ಮನೆಯವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಬಸ್ಸು ಹತ್ತಿದರೆ ಡ್ರೈವರನ ಬೆನ್ನ ಹಿಂದೆ ನಿಂತು, "ಗೇರ್ ಇಳಿಸು, ಇಳಿಸು, ಈಗ ಏರಿಸು" ಎಂದು ಕೊರೆದು, ಒಮ್ಮೆ ನಡುದಾರಿಯಲ್ಲಿ ಬಸ್ಸಿನಿಂದ ಇಳಿಸಲ್ಪಟ್ಟಿದ್ದರು. ಅಳಿಯನ ಕಾರಿನಲ್ಲಿ ಕೂತರೆ ಬಲಗಾಲು ತಾನಾಗಿಯೇ ನೆಲಕ್ಕೆ ಒದೆಯುತ್ತಿತ್ತು. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಮುಂದಿನ ಸೀಟಿನ ಮ್ಯಾಟು ತೂತಾಗಿ, ಅಳಿಯ ದಪ್ಪ ರಬ್ಬರಿನದೊಂದು ತಂದು ಹಾಕಿದ. "ಮಾವ, ಆ ಕಡೆ ಬ್ರೇಕಿಲ್ಲ" ಎಂದು ಮೆತ್ತಗೆ ಜ್ಞಾಪಿಸಿದ. "ನಂಗೊತ್ತಪ್ಪಾ. ನನ್ನ ಕಾಲಿಗೆ ಗೊತ್ತಿಲ್ಲ" ಎಂದರು ಮೇಷ್ಟ್ರು.

ಇನ್ನೊಂದು ವಿಷಯವೂ ಇತ್ತು. ಊರಿಗೆಲ್ಲ ಕಾರು ಕಲಿಸಿದ ಮೇಷ್ಟ್ರು ಹೆಂಡತಿಗೆ ಕಲಿಸಿರಲಿಲ್ಲ. ಆಕೆ ಕೆಲವು ವರ್ಷಕ್ಕೊಮ್ಮೆ ಕೇಳುತ್ತಿದ್ದರು. ಮೇಷ್ಟ್ರು ಪ್ರತಿ ಸಲ, "ಗಂಡ ಕಲಿಸಿ ಹೆಂಡತಿ ಕಲಿಯೋ ಹೊತ್ತಿಗೆ ಕಾರು ಉಳಿದ್ರೆ ಸಂಸಾರ ಉಳಿಯಲ್ಲ, ಸಂಸಾರ ಉಳಿದ್ರೆ ಕಾರು ಉಳಿಯಲ್ಲ" ಎಂದು ನಕ್ಕು ಜಾರಿಕೊಳ್ಳುತ್ತಿದ್ದರು. ಆಕೆ ನಗುತ್ತಿರಲಿಲ್ಲ. ಆದರೆ ಜಗಳವನ್ನೂ ಆಡುತ್ತಿರಲಿಲ್ಲ. ಆಮೇಲೆ ನೋಡಿಕೊಳ್ಳೋಣ ಎಂಬಂತೆ ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಒಂದು ದಿನ ಬೆಳಿಗ್ಗೆ ಮೇಷ್ಟ್ರು ಮಹಡಿ ಮೆಟ್ಟಿಲು ಹತ್ತುತ್ತಾ ಅರ್ಧದಲ್ಲೇ ಕೂತುಬಿಟ್ಟರು. ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತ ಹಾಗೆ. ಡಾಕ್ಟರು ಆ ಪರೀಕ್ಷೆ ಈ ಪರೀಕ್ಷೆ ಎಲ್ಲ ಮಾಡಿಸಿ, ಹೃದಯದ ರಕ್ತನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಆಪರೇಷನ್ ಆಗಲೇಬೇಕು, ಅದಕ್ಕೆ ಗುಡ್ಡದಾಚೆಯ ನಗರದ ದೊಡ್ಡ ಆಸ್ಪತ್ರೆಗೇ ಹೋಗಬೇಕು ಎಂದರು. ಅಲ್ಲಿಯವರೆಗೆ ಕಾರು ಓಡಿಸುವ ಹಾಗಿಲ್ಲ, ಕಲಿಸುವ ಹಾಗಿಲ್ಲ, ಗಾಬರಿಯಂತೂ ಕೂಡದೇ ಕೂಡದು.

"ಬೈಪಾಸ್ ರಸ್ತೆ ಮಾಡಿದ ಮೇಲೆ ನಮ್ಮೂರ ಪೇಟೆ ಕಥೆ ಏನಾಯ್ತು ಅಂತ ನಂಗೊತ್ತು ಡಾಕ್ಟ್ರೇ" ಎಂದು ಮೇಷ್ಟ್ರು ತಮಾಷೆ ಮಾಡಿದರು. ಡಾಕ್ಟರು ನಕ್ಕರು. ಹೊರಗೆ ಬಂದ ಮೇಲೆ ಮೇಷ್ಟ್ರು ಔಷಧದ ಚೀಟಿಯನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದುದನ್ನು ಹೆಂಡತಿ ನೋಡಿದರು. ನೋಡದವರಂತೆ ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡರು.

ಸುದ್ದಿ ಹರಡಿದ್ದೇ ತಡ, ಶಿಷ್ಯಕೋಟಿ ಮನೆಗೆ ಹರಿದುಬಂತು. ಬ್ಯಾಂಕ್ ಮ್ಯಾನೇಜರ್ ಬಂದು ಕುರ್ಚಿ ಎಳೆದು ಕೂತು, ಮೇಷ್ಟ್ರ ಕೈ ಹಿಡಿದು ಕೇಳಿದರು: "ಪಕ್ಕದ ಸೀಟಲ್ಲಿ ಯಾರಿದಾರೆ ಮೇಷ್ಟ್ರೇ?" ಮೇಷ್ಟ್ರು ಮುಖ ಗಂಟಿಕ್ಕಿಕೊಂಡು, "ಭಗವಂತ" ಎಂದರು. "ಮತ್ತೆ?" ಎಂದು ಮ್ಯಾನೇಜರ್ ವಿಜಯಿಯಂತೆ ಎದ್ದು ಹೋದರು. ಮಧ್ಯಾಹ್ನ ಹಲ್ಲಿನ ಡಾಕ್ಟರು ಬಂದು ಅದನ್ನೇ ಕೇಳಿದರು. ಸಂಜೆ ಬೇಕರಿಯವನು ಸಕ್ಕರೆಯಿಲ್ಲದ ಬಿಸ್ಕತ್ತಿನ ಜೊತೆಗೆ ಅದನ್ನೇ ತಂದ. ಮದುವೆ ಮುರಿದಿದ್ದ ಹುಡುಗಿ ಈಗ ಬೇರೆ ಗಂಡನ ಜೊತೆ, ಕಂಕುಳಲ್ಲಿ ಮಗು ಇಟ್ಟುಕೊಂಡು ಬಂದು, "ಧೈರ್ಯವಾಗಿ ಕ್ಲಚ್ ಬಿಡಿ ಮೇಷ್ಟ್ರೇ" ಅಂದಳು.

ಬಾಗಿಲು ಹಾಕಿದ ಮೇಲೆ ಮೇಷ್ಟ್ರು ಸಿಡಿದರು. "ಎಂಥಾ ಜನಾನೇ ಇವರು! ಎದೆ ಕೊಯ್ಸಿಕೊಳ್ಳೋನು ನಾನು, ಕ್ಲಚ್ ಬಿಡು ಅಂತಾರಲ್ಲ! ಇದನ್ನ ನಾನು ಇಷ್ಟು ವರ್ಷ ಎಲ್ಲರಿಗೂ ಹೇಳ್ತಿದ್ನಾ? ಒಬ್ರಾದ್ರೂ ನನ್ನ ಕೆನ್ನೆಗೆ ಒಂದು ಬಿಡಬಾರ್ದಿತ್ತಾ?"

"ಅವರಿಗೆಲ್ಲ ಲೈಸೆನ್ಸ್ ಬೇಕಿತ್ತಲ್ಲ, ಸುಮ್ನಿದ್ರು" ಎಂದರು ಹೆಂಡತಿ.

ನಿಜ ಹೇಳಬೇಕೆಂದರೆ ಮೇಷ್ಟ್ರಿಗೆ ಸಿಟ್ಟು ಬಂದಿರಲಿಲ್ಲ, ಭಯವಾಗಿತ್ತು. ಸಾವಿನ ಭಯವಂತೂ ಸರಿಯೇ. ಅದಕ್ಕಿಂತ ಹೆಚ್ಚಾಗಿ, ತನಗೆ ಪ್ರಜ್ಞೆ ತಪ್ಪಿಸಿ, ಯಾರೋ ಗುರುತಿಲ್ಲದವರು ತನ್ನ ಎದೆ ತೆರೆದು ಕೂತಿರುವಾಗ, ಹುಷಾರು, ಹುಷಾರು ಎಂದು ಹೇಳಲು ತಾನು ಅಲ್ಲಿ ಇರುವುದಿಲ್ಲವಲ್ಲ ಎಂಬ ಭಯ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ದೇವರಿಗೂ ಸೂಚನೆಗಳನ್ನೇ ಕೊಡುತ್ತಿದ್ದರು. ಎಡಗಡೆ ನೋಡ್ಕೋ, ಆತುರ ಪಡಬೇಡ, ಕನ್ನಡಿ ನೋಡು.

ಇಷ್ಟರ ನಡುವೆ ಆಸ್ಪತ್ರೆಗೆ ಹೋಗುವುದು ಹೇಗೆಂಬ ಪ್ರಶ್ನೆ ಎದ್ದಿತು. ಗುಡ್ಡದ ದಾರಿ, ತಿರುವಿನ ಮೇಲೆ ತಿರುವು. ಅಳಿಯ ಕರೆದುಕೊಂಡು ಹೋಗುತ್ತೇನೆಂದ. ಮೇಷ್ಟ್ರು ಕಾರಿನ ಗಾಯದ ಕಡೆ ಬೆರಳು ತೋರಿಸಿದರು. ಬಾಡಿಗೆ ಕಾರೆಂದರೆ, "ಆ ಡ್ರೈವರ್ರು ನನ್ನ ಶಿಷ್ಯನಲ್ಲ, ಬೇಡ." ಡ್ರೈವರ್ರು ಶಿಷ್ಯನೇ ಎಂದರೆ, "ಹಾಗಾದ್ರೆ ಸುತರಾಂ ಬೇಡ." ಆಂಬುಲೆನ್ಸ್ ಎಂದರೆ, "ಮಲಗಿಸಿಕೊಂಡು ಹೋಗ್ತಾರೆ, ರಸ್ತೆ ಕಾಣಲ್ಲ."

"ಹಾಗಾದ್ರೆ ನಾನೇ ಕರ್ಕೊಂಡ್ ಹೋಗ್ತೀನಿ" ಎಂದರು ಹೆಂಡತಿ, ಬಟ್ಟೆ ಮಡಿಸುತ್ತಾ.

ಮೇಷ್ಟ್ರು ನಕ್ಕರು. ಮರುದಿನ ಬೆಳಿಗ್ಗೆ ಆಕೆ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಮೆಟ್ಟಿಲಿಳಿದಾಗ ನಗು ನಿಂತಿತು. ಸ್ಕೂಲಿನಲ್ಲಿ ಮೇಷ್ಟ್ರ ಕೈಕೆಳಗೆ ಕೆಲಸ ಮಾಡುತ್ತಿದ್ದ ಅಸಿಸ್ಟೆಂಟ್ ಹೆಣ್ಣುಮಗಳು ಆಗಲೇ ಬಿಳಿ ಕಾರಿನ ಪಕ್ಕದ ಸೀಟಿನಲ್ಲಿ, ಅಂದರೆ ಮೇಷ್ಟ್ರ ಸೀಟಿನಲ್ಲಿ, ಕೂತು ಕಾಯುತ್ತಿದ್ದಳು.

ಅಂದಿನಿಂದ ಮೇಷ್ಟ್ರ ಪಾಡು ಯಾರಿಗೂ ಬೇಡ. ಕಲಿಯುವವರನ್ನು ಮೊದಲು ಓಡಾಡಿಸುತ್ತಿದ್ದುದು ಮನೆ ಮುಂದಿನ ಬೀದಿಯಲ್ಲೇ. ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಮೇಷ್ಟ್ರು ಹೆಂಡತಿ ಕಾರು ಕಲಿಯುವುದನ್ನು ನೋಡುತ್ತಿದ್ದರು. ಆಕೆ ಮುಂದೆ ಬಂದರೆ ಇವರು ನೆಲಕ್ಕೆ ಒಂದು ಒದೆ. ಹಿಂದೆ ಹೋದರೆ ಎರಡು. ಕೆಳಗಿನ ಮನೆಯ ಟೈಲರ್ ಕಿಟಕಿಯಿಂದ ಕತ್ತು ಹೊರಹಾಕಿ ಕೂಗಿದ: "ಮೇಷ್ಟ್ರೇ, ಸುಣ್ಣ ಉದುರಿ ಗಿರಾಕಿಗಳ ಬಟ್ಟೆ ಮೇಲೆ ಬೀಳ್ತಿದೆ! ಅಕ್ಕ ಚೆನ್ನಾಗೇ ಓಡಿಸ್ತಿದಾರೆ, ನೀವು ಸ್ವಲ್ಪ ಒದೆಯೋದು ನಿಲ್ಸಿ!" ಮೇಷ್ಟ್ರು ಕಾಲ ಕೆಳಗೊಂದು ದಿಂಬು ಹಾಕಿಕೊಂಡರು. ಒದೆಯುವುದನ್ನು ಬಿಡಲಿಲ್ಲ.

ಆಪರೇಷನ್ನಿನ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ನಡೆದ ಲೈಸೆನ್ಸ್ ಪರೀಕ್ಷೆಯಲ್ಲಿ ಹೆಂಡತಿ ರಿವರ್ಸ್ ತೆಗೆಯುವಾಗ ಕಂಬ ಮುಟ್ಟಿಸಿ ಫೇಲಾದರು. ಅಯ್ಯೋ ಪಾಪ ಎಂದು ಮೇಷ್ಟ್ರು ಬಾಯಲ್ಲಿ ಅಂದರೂ ಮುಖ ಅರಳಿತ್ತು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಹಾಸಿಗೆ ಖಾಲಿಯಿಲ್ಲ, ಮುಂದೂಡಿದ್ದೇವೆ. ಮೇಷ್ಟ್ರ ಮುಖ ಬಾಡಿತು. ಹೊಸ ದಿನ ಹತ್ತಿರ ಬಂದಾಗ ಮತ್ತೆ ಫೋನು. ಆಪರೇಷನ್ ಮಾಡುವ ಡಾಕ್ಟರಿಗೇ ಜ್ವರ, ಮತ್ತೆ ಮುಂದಕ್ಕೆ. ಮೇಷ್ಟ್ರು ಫೋನಿಟ್ಟು ತಲೆ ಮೇಲೆ ಕೈಹೊತ್ತು ಕೂತರು. ಕಾಯುವುದು ಎದೆನೋವಿಗಿಂತ ಕೆಟ್ಟದಾಗಿತ್ತು. ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಾಗೆಲ್ಲ ಯಾರೋ ಬಂದು ಅದನ್ನು ಬಿಚ್ಚಿ ಕೈಗೆ ಕೊಡುತ್ತಿದ್ದರು.

"ಇದ್ಯಾವ ಸೀಮೆ ಪ್ಲಾನೇ ಅವನದು?" ಎಂದು ಮೇಲೆ ನೋಡಿ ಕೇಳಿದರು. "ಹೋಗು ಅಂತಾನೆ, ನಿಲ್ಲು ಅಂತಾನೆ. ನನ್ನ ಹತ್ರ ಕಲಿಯೋಕೆ ಬಂದಿದ್ರೆ ಮೊದಲನೇ ದಿನಾನೇ ಇಳಿಸಿ ಕಳಿಸ್ತಿದ್ದೆ."

ಹೆಂಡತಿ ಕೈಚೀಲದಿಂದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟರು. ಆ ದಿನ ಬೆಳಿಗ್ಗೆ ಎರಡನೇ ಸಲ ಪರೀಕ್ಷೆಗೆ ಕೂತು ಪಾಸಾಗಿದ್ದರು. "ಅವತ್ತೇ ಹೋಗ್ಬೇಕಾಗಿದ್ರೆ ನಿಮ್ಮನ್ನ ಯಾರು ಕರ್ಕೊಂಡ್ ಹೋಗ್ತಿದ್ರು? ಅವನ ಪ್ಲಾನು ನಿಮ್ಮದಕ್ಕಿಂತ ಚೆನ್ನಾಗೇ ಇದೆ."

ಮೇಷ್ಟ್ರು ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನಿಂಗೆ ಲೈಸೆನ್ಸ್ ಕೊಡ್ಸೋಕೆ ಆ ಡಾಕ್ಟ್ರಿಗೆ ಜ್ವರ ಬರಿಸ್ಬೇಕಿತ್ತಾ ಅವನು? ಬೇರೆ ದಾರಿ ಇರ್ಲಿಲ್ವಾ?"

"ಇತ್ತು. ನೀವು ಇಷ್ಟು ವರ್ಷದಲ್ಲಿ ಒಂದು ದಿನ ಕಲಿಸಬಹುದಿತ್ತು."

ಮೇಷ್ಟ್ರು ಲೈಸೆನ್ಸನ್ನು ಮೇಜಿನ ಮೇಲೆ ವಾಪಸ್ಸಿಟ್ಟರು. ಒಂದು ಷರತ್ತಿನ ಮೇಲೆ ಒಪ್ಪಿದರು. ಹೋಗುವುದಾದರೆ ಬಿಳಿ ಕಾರಿನಲ್ಲೇ, ತಾನು ಪಕ್ಕದ ಸೀಟಿನಲ್ಲೇ, ತನ್ನ ಕಾಲು ಎರಡನೇ ಬ್ರೇಕಿನ ಮೇಲೇ. ಆಕೆ ಮರುಮಾತಿಲ್ಲದೆ ಗೋಣಾಡಿಸಿದರು. ಅಷ್ಟು ಸುಲಭಕ್ಕೆ ಆಕೆ ಯಾವತ್ತೂ ಒಪ್ಪಿದವರಲ್ಲ ಎಂಬುದು ಮೇಷ್ಟ್ರಿಗೆ ಆಗ ಹೊಳೆಯಲಿಲ್ಲ.

ಹೊರಟ ದಿನ ಬೀದಿಯೇ ಬಾಗಿಲಿಗೆ ಬಂದಿತ್ತು. ಮ್ಯಾನೇಜರ್ ಬಾಯಿ ತೆರೆಯುವುದರೊಳಗೆ ಮೇಷ್ಟ್ರು ಕಿಟಕಿಯ ಗಾಜು ಏರಿಸಿದರು. ಕಾರು ಹೊರಟಿತು. ಮೊದಲ ತಿರುವಿನಲ್ಲಿ ಮೇಷ್ಟ್ರು ಬ್ರೇಕು ಒತ್ತಿದರು, ಕಾರು ನಿಧಾನವಾಯಿತು. ಪೇಟೆಯ ಸಿಗ್ನಲ್ಲಿನಲ್ಲಿ ಒತ್ತಿದರು, ನಿಂತಿತು. ಶಾಲೆಯ ಮುಂದೆ ಒತ್ತಿದರು, ರಸ್ತೆಯ ಉಬ್ಬನ್ನು ಮೆತ್ತಗೆ ಹತ್ತಿಳಿಯಿತು. ಎದೆ ಹಗುರಾಯಿತು. ಎಲ್ಲ ತನ್ನ ಕಾಲಲ್ಲೇ ಇದೆ.

"ನೋಡಿದ್ಯಾ? ನಾನಿಲ್ದೇ ಇದ್ದಿದ್ರೆ ಆ ಸಿಗ್ನಲ್ಲಲ್ಲಿ ನೀನು ಸೀದಾ ಹೋಗ್ತಿದ್ದೆ."

"ಹೂಂ" ಎಂದರು ಹೆಂಡತಿ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ.

ಗುಡ್ಡ ಏರಿದ್ದಾಯಿತು. ಆಚೆ ಬದಿಯ ಇಳಿಜಾರು ಶುರುವಾಯಿತು. ಮೇಷ್ಟ್ರು ಪ್ರತಿ ತಿರುವಿಗೂ ಒತ್ತುತ್ತಾ, ಬಾಯಲ್ಲಿ ಗೇರು ಹೇಳುತ್ತಾ, ಹಣೆ ಒರೆಸಿಕೊಳ್ಳುತ್ತಾ ಬರುತ್ತಿದ್ದರು. ಒಂದು ತಿರುವು ಮುಗಿಯುವಲ್ಲಿ ನಾಯಿಯೊಂದು ಪೊದೆಯಿಂದ ರಸ್ತೆಗೆ ಇಳಿಯಿತು. ಕಾರಿನ ಬೆನ್ನಿಗೇ ಒಂದು ಲಾರಿ ಬರುತ್ತಿತ್ತು. ಮೇಷ್ಟ್ರ ಜೀವ ಬಾಯಿಗೆ ಬಂತು. ಮೈಯಲ್ಲಿದ್ದ ಬಲವನ್ನೆಲ್ಲ ಬಲಗಾಲಿಗೆ ತಂದು ಒದ್ದರು.

ಠಣ್ ಎಂದು ಶಬ್ದವಾಯಿತು. ಪೆಡಲು ನೆಲಕ್ಕೆ ಬಿತ್ತು. ಒಂದು ಸ್ಪ್ರಿಂಗು ಹಾರಿ ಮೇಷ್ಟ್ರ ಮಡಿಲಿಗೆ ಬಂದು ಕೂತಿತು. ಕಾರು ಮಾತ್ರ ಏನೂ ಆಗದ ಹಾಗೆ ಒಂದಿಷ್ಟು ಪಕ್ಕಕ್ಕೆ ಸರಿದು, ನಾಯಿಗೆ ದಾರಿ ಬಿಟ್ಟು, ಮುಂದೆ ಹೋಯಿತು.

"ಬ್ರೇಕ್ ಫೇಲ್! ಬ್ರೇಕ್ ಫೇಲ್!" ಮೇಷ್ಟ್ರು ಎರಡೂ ಕೈಯಲ್ಲಿ ಸ್ಪ್ರಿಂಗು ಹಿಡಿದುಕೊಂಡು ಕೂಗಿದರು.

ಹೆಂಡತಿ ಲಾರಿಗೆ ಮುಂದೆ ಹೋಗಲು ಬಿಟ್ಟು, ರಸ್ತೆಯ ಅಗಲವಾದ ಜಾಗ ನೋಡಿ, ಕಾರನ್ನು ಬದಿಗೆ ತಂದು ಹೂವಿಟ್ಟಂತೆ ನಿಲ್ಲಿಸಿದರು. ಹ್ಯಾಂಡ್‌ಬ್ರೇಕು ಎಳೆದರು. ಆಮೇಲೆ ಗಂಡನ ಕಡೆ ತಿರುಗಿದರು.

"ನನ್ನ ಬ್ರೇಕು ಚೆನ್ನಾಗಿದೆ. ನಿಮ್ಮದನ್ನ ನಿನ್ನೆ ಗ್ಯಾರೇಜಲ್ಲಿ ಬಿಚ್ಚಿಸಿದೆ. ಕಾಲಿಗೆ ಗಟ್ಟಿಯಾಗಿ ಸಿಗ್ಲಿ ಅಂತ ಮೆಕ್ಯಾನಿಕ್ ಒಂದು ಸ್ಪ್ರಿಂಗ್ ಹಾಕ್ಕೊಟ್ಟಿದ್ದ."

"ಬಿಚ್ಚಿಸಿದ್ಯಾ?"

"ಈಗ ಒದ್ರಲ್ಲ ಹಾಗೆ, ತಿರುವಲ್ಲಿ ನಿಜವಾದ ಬ್ರೇಕ್ ಒದ್ದಿದ್ರೆ ಹಿಂದಿನ ಲಾರಿ ನಮ್ಮಿಬ್ಬರನ್ನೂ ಆಸ್ಪತ್ರೆಗೆ ಸೇರಿಸ್ತಿತ್ತು. ಬೇರೆ ವಾರ್ಡಿಗೆ."

ಮೇಷ್ಟ್ರು ಬೆಪ್ಪಾಗಿ ಸ್ಪ್ರಿಂಗು ನೋಡಿದರು. "ಮತ್ತೆ ಸಿಗ್ನಲ್ಲಲ್ಲಿ? ಶಾಲೆ ಹತ್ರ?"

"ನಾನು ನಿಲ್ಲಿಸಿದೆ."

"ಗುಡ್ಡದ ಮೇಲಿಂದ ಇಲ್ಲೀವರೆಗೂ?"

"ನಾನೇ."

ಮೇಷ್ಟ್ರು ನೆಲಕ್ಕೆ ಬಿದ್ದ ಪೆಡಲನ್ನು ಕಾಲಿನಿಂದ ಒಮ್ಮೆ ತಳ್ಳಿ ನೋಡಿದರು. ಆಮೇಲೆ ಹೆಂಡತಿಯೇ ಹೇಳಿದರು, ಬೈಗುಳದ ದನಿಯಲ್ಲಲ್ಲ, ಮನೆಯ ವಿಚಾರ ಮಾತಾಡುವ ದನಿಯಲ್ಲಿ. "ಪಕ್ಕದ ಸೀಟಲ್ಲಿ ಭಗವಂತ ಕೂತಿರ್ತಾನೆ ಅಂತ ಊರಿಗೆಲ್ಲ ಹೇಳಿದ್ರಿ. ಆ ಸೀಟಲ್ಲಿ ಅವನಿಗೆ ಕೂರೋಕೆ ಒಂದು ದಿನಾನಾದ್ರೂ ಜಾಗ ಬಿಟ್ಟಿದೀರಾ ನೀವು?"

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು ನಕ್ಕರು. ಡಾಕ್ಟರು ನೆನಪಾಗಿ ಹೊಟ್ಟೆ ಬಿಟ್ಟು ಎದೆ ಹಿಡಿದುಕೊಂಡರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಅದು ನಗುವಿನ ನೀರಾಗಿ ಉಳಿಯಲಿಲ್ಲ.

"ನಂಗೆ ತುಂಬಾ ಭಯ ಆಗ್ತಿದೆ ಕಣೇ" ಎಂದರು.

"ನಂಗೂ ಆಗ್ತಿದೆ. ಅದಕ್ಕೇ ಸ್ಟೀರಿಂಗನ್ನ ಎರಡೂ ಕೈಲಿ ಹಿಡ್ಕೊಂಡಿದೀನಿ."

ಮೇಷ್ಟ್ರು ಕಣ್ಣೊರೆಸಿಕೊಂಡರು. ಸ್ಪ್ರಿಂಗನ್ನು ಜೇಬಿಗೆ ಹಾಕಿದರು. ಆಮೇಲೆ ಬಗ್ಗಿ ಎರಡೂ ಶೂ ಬಿಚ್ಚಿ ಹಿಂದಿನ ಸೀಟಿಗೆ ಎಸೆದು, ಕಾಲೆರಡನ್ನೂ ಎತ್ತಿ ಸೀಟಿನ ಮೇಲೆ ಮಡಚಿ, ಊಟಕ್ಕೆ ಕೂತವರಂತೆ ಚಕ್ಕಂಬಕ್ಕಳ ಹಾಕಿ ಕೂತರು. ಒದೆಯಬೇಕೆಂದರೂ ಈಗ ಕಾಲಿಗೆ ನೆಲ ಸಿಗುವ ಹಾಗಿರಲಿಲ್ಲ.

"ನಡಿ" ಎಂದರು.

ಆ ಭಂಗಿಯಲ್ಲೇ ಮೇಷ್ಟ್ರು ನಗರ ಪ್ರವೇಶ ಮಾಡಿದರು. ಸಿಗ್ನಲ್ಲುಗಳಲ್ಲಿ ಪಕ್ಕದ ಗಾಡಿಯವರು ಬಗ್ಗಿ ನೋಡುತ್ತಿದ್ದರು. ಕಾಲು ಜೋಮು ಹಿಡಿದು, ಆಸ್ಪತ್ರೆಯ ಬಾಗಿಲಲ್ಲಿ ಇಳಿಯಲಾಗದೆ ಕೂತಾಗ, ಓಡಿಬಂದ ಸಿಬ್ಬಂದಿ ಹೃದಯದ ತೊಂದರೆ ಕಾಲಿಗೆ ಇಳಿದಿದೆಯೆಂದು ಗಾಬರಿಬಿದ್ದರು.

ಮರುದಿನ ಬೆಳಿಗ್ಗೆ ಚಕ್ರದ ಮಂಚದ ಮೇಲೆ ಮಲಗಿಸಿ ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೊರಟರು. ಹೆಂಡತಿ ಪಕ್ಕದಲ್ಲೇ ನಡೆಯುತ್ತಿದ್ದರು. ಹೊದಿಕೆಯ ಕೆಳಗೆ ಮೇಷ್ಟ್ರ ಬಲಗಾಲು ಪ್ರತಿ ಮೂಲೆಗೂ ಬಿಗಿಯಾಗುತ್ತಿತ್ತು. "ಇಲ್ಲಿ ಕಾಲು ಮಡಚೋಕೆ ಬಿಡಲ್ಲ ಕಣೇ. ನೀನೇ ಹಿಡ್ಕೋ" ಎಂದರು. ಆಕೆ ಹೊದಿಕೆಯೊಳಗೆ ಕೈಹಾಕಿ ಕಾಲಿನ ಹೆಬ್ಬೆರಳು ಹಿಡಿದುಕೊಂಡರು. ಕೊನೆಯ ಬಾಗಿಲ ಬಳಿ ಬಿಡಬೇಕಾಯಿತು.

ಮುಂದಿನದು ಮೇಷ್ಟ್ರಿಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಾಯಲ್ಲಿ ನಳಿಕೆ ಇತ್ತು, ಮಾತಾಡಲಾಗಲಿಲ್ಲ. ಅವರು ಮಾತಾಡದೆ ಒಂದಿಡೀ ದಿನ ಕಳೆದದ್ದು ಅದೇ ಮೊದಲು. ನಳಿಕೆ ತೆಗೆದ ಮೇಲೆ ಹೆಂಡತಿ ಒಳಗೆ ಬಂದು, ಡಾಕ್ಟರು ಹೇಳಿದ್ದನ್ನು ಹೇಳಿದರು. ಹೃದಯವನ್ನು ನಿಲ್ಲಿಸಿ, ಯಂತ್ರದಲ್ಲಿ ರಕ್ತ ಓಡಿಸಿ, ಎಲ್ಲ ಸರಿಮಾಡಿ, ಮತ್ತೆ ನಡೆಸಿದರಂತೆ.

"ನಿಲ್ಲಿಸಿದ್ರಾ? ಪೂರ್ತಿ?" ಮೇಷ್ಟ್ರ ದನಿ ಕೀರಲಾಗಿತ್ತು.

"ಪೂರ್ತಿ."

"ಆಮೇಲೆ ಸ್ಟಾರ್ಟ್ ಆಯ್ತಾ?"

"ಆಗಿದ್ದಕ್ಕೇ ತಲೆ ತಿಂತಿದೀರಲ್ಲ."

ಮೇಷ್ಟ್ರು ಸೂರು ನೋಡುತ್ತಾ ಮಲಗಿದರು. ತನ್ನ ಜೀವನದ ಅತಿ ಕಡಿದಾದ ಇಳಿಜಾರನ್ನು ತಾನು ದಾಟಿ ಬಂದಿದ್ದೇನೆ. ಆ ಹೊತ್ತಿನಲ್ಲಿ ತನ್ನ ಕಾಲು ಎಲ್ಲಿತ್ತೆಂಬುದೂ ತನಗೆ ಗೊತ್ತಿಲ್ಲ. ಈ ವಿಚಾರ ಅವರಿಗೆ ಹೊಸದಾಗಿತ್ತು. ಅದರ ಮೇಲೊಂದು ಪ್ರವಚನ ಮಾಡಬಹುದಿತ್ತು. ಯಾಕೋ ಮಾಡಬೇಕೆನಿಸಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ಹೆಂಡತಿ ಬಿಳಿ ಕಾರನ್ನು ಬಾಗಿಲಿಗೆ ತಂದರು. ಎದೆಗೊಂದು ದಿಂಬು ಒತ್ತಿಕೊಂಡು ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತರು. ಪಕ್ಕದ ಸೀಟು ಖಾಲಿಯಿತ್ತು.

"ಮುಂದೆ ಬರಲ್ವಾ?"

"ಬೇಡ. ಅಲ್ಲಿ ಅವನು ಕೂತ್ಕೊಳ್ಲಿ."

"ಊರಿಗೆ ಹೋದ ಮೇಲೆ ಆ ಬ್ರೇಕನ್ನ ಮತ್ತೆ ಜೋಡಿಸ್ಬೇಕಾ?"

"ಕಲಿಯೋರಿಗೆ ಬೇಕೇ ಬೇಕು. ನೀನು ಓಡಿಸುವಾಗ ಬಿಚ್ಚಿಡು."

ನಗರ ದಾಟಿತು, ಗುಡ್ಡದ ಏರು ಶುರುವಾಯಿತು. ಹಿಂದಿನಿಂದ ಗೇರಿನ ಸೂಚನೆ ಬರುತ್ತದೆಂದು ಹೆಂಡತಿ ಕಾದರು, ಬರಲಿಲ್ಲ. ಮೊದಲ ದೊಡ್ಡ ತಿರುವಿನಲ್ಲಿ ಕಾಲಿನ ಸದ್ದಿಗೆ ಕಿವಿಗೊಟ್ಟರು, ಅದೂ ಇಲ್ಲ. ಎದೆ ಧಸಕ್ಕೆಂದು ಕನ್ನಡಿಯಲ್ಲಿ ನೋಡಿದರು. ಹುಟ್ಟಿದಂದಿನಿಂದ ಬೇರೆಯವರ ಗಾಡಿಯಲ್ಲಿ ರೆಪ್ಪೆ ಮುಚ್ಚದ ಮನುಷ್ಯ ದಿಂಬು ತಬ್ಬಿಕೊಂಡು, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದರು.

ಗುಡ್ಡದ ತುದಿ ದಾಟಿ ಇಳಿಜಾರು ಬಂತು. ಅವರಿಗೆ ಎಚ್ಚರವಾಗದ ಹಾಗೆ ಆಕೆ ಬ್ರೇಕನ್ನು ಮೆಲ್ಲಗೆ, ಬಲು ಮೆಲ್ಲಗೆ ಒತ್ತಿದರು.